ಬೀಗಿತ್ತಿಯರ ಜಗಳಕ್ಕೆ ನೀಲಿ ಗುಂಡಿ

ಗೆ,
‘ಹರಟೆಗೂಡು’ ಆ್ಯಪ್ ಕಂಪನಿಯ ಮುಖ್ಯಸ್ಥರು, ಅದೇ ಕಂಪನಿಯ ಸಿನಿಮಾ ಪ್ರಚಾರ ವಿಭಾಗದ ಸಮಸ್ತ ಸಿಬ್ಬಂದಿ, ಹಾಗೂ ಅಲ್ಲಿ ಊಟ ತಿಂಡಿ ಬಿಟ್ಟು ನಮ್ಮ ಪರವಾಗಿ ಯೋಚಿಸುತ್ತಿರುವ ಯಂತ್ರ ಮಹಾಶಯರು,
ಬೆಂಗಳೂರು.

ಮಾನ್ಯರೇ,

ಗುಬ್ಬಿಯಿಂದ ಉಮಾಮಹೇಶ್ವರಿಯ ಶರಣು ಶರಣಾರ್ಥಿಗಳು. ನಾವಿಲ್ಲಿ ಕ್ಷೇಮ. ತಮ್ಮ ಕೃಪೆ ಇನ್ನೊಂದು ವಾರ ಹೀಗೇ ಹರಿದಿದ್ದರೆ ಈ ಮಾತನ್ನು ಬರೆಯುವ ಭಾಗ್ಯ ನನಗಿರುತ್ತಿರಲಿಲ್ಲ. ತಮ್ಮ ಕಂಪ್ಯೂಟರುಗಳು ತಣ್ಣಗಿರಲಿ, ತಮ್ಮ ಕಚೇರಿಯ ಕಾಫಿ ಬಿಸಿಯಾಗಿರಲಿ, ಇವೆರಡೂ ಯಾವತ್ತೂ ಅದಲುಬದಲಾಗದಿರಲಿ ಎಂದು ಚನ್ನಬಸವೇಶ್ವರ ಸ್ವಾಮಿಯಲ್ಲಿ ಬೇಡಿಕೊಂಡು, ನನ್ನ ಅಹವಾಲನ್ನು ತಮ್ಮ ಪಾದಕ್ಕೆ, ಯಂತ್ರ ಮಹಾಶಯರಿಗೆ ಪಾದವಿಲ್ಲದಿದ್ದರೆ ಅವರ ಕರೆಂಟಿನ ವೈರಿಗೆ, ಅರ್ಪಿಸುತ್ತಿದ್ದೇನೆ.

ನಾನು ಗುಬ್ಬಿಯಲ್ಲಿ ಬ್ಲೌಸ್ ಹೊಲಿಯುವವಳು. ನನ್ನ ಯಜಮಾನರು ಮಹಾಲಿಂಗಯ್ಯನವರು ಕೊಬ್ಬರಿ ವ್ಯಾಪಾರಿಗಳು. ನಮ್ಮ ಒಬ್ಬಳೇ ಮಗಳು ಅಕ್ಷತಾಳನ್ನು ಕುಣಿಗಲ್ಲಿನ ಸರ್ವಮಂಗಳಮ್ಮನವರ ಮಗ ಗುರುಪ್ರಕಾಶನಿಗೆ ಕೊಟ್ಟಿದ್ದೇವೆ. ಗಂಡ ಹೆಂಡತಿ ತುಮಕೂರಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಮಗಳು ಬಸುರಿಯಾದ ಸುದ್ದಿ ಬಂದಾಗ ನಾನೂ ಸರ್ವಮಂಗಳಮ್ಮನವರೂ ಫೋನಿನಲ್ಲಿ ಒಟ್ಟಿಗೇ ಅತ್ತು, ಯಾರು ಯಾರಿಗೆ ಸಮಾಧಾನ ಹೇಳಬೇಕೆಂದು ತಿಳಿಯದೆ ಇಬ್ಬರೂ ಫೋನ್ ಇಟ್ಟಿದ್ದೆವು. ಬೀಗಿತ್ತಿಯರು ಹೀಗೂ ಇರುತ್ತಾರೆಯೇ ಎಂದು ನೆಂಟರು ಅನುಮಾನಪಟ್ಟಿದ್ದುಂಟು. ಆ ಅನುಮಾನವನ್ನು ಬೇರುಸಹಿತ ಕಿತ್ತೊಗೆದ ಕೀರ್ತಿ ತಮ್ಮದು.

‘ಉಕ್ಕಿನ ಮೀಸೆ’ ಎಂಬ ಚಲನಚಿತ್ರದ ಟ್ರೇಲರ್ ಅನ್ನು ತಾವು ನನಗೆ ತೋರಿಸಿದಿರಿ. ನಾನು ಕೇಳಿರಲಿಲ್ಲ; ಕೇಳದೆ ಕೊಡುವುದೇ ದಾನಿಗಳ ಲಕ್ಷಣ. ಅದರಲ್ಲಿ ನಾಯಕರು ಒಂದು ಗೋಡೆಯನ್ನು ಎದೆಯಿಂದ ಒಡೆದು ಒಳಗೆ ಬರುತ್ತಾರೆ. ಆ ಗೋಡೆಯ ಪಕ್ಕದಲ್ಲೇ ಬಾಗಿಲಿತ್ತು, ಅದು ತೆರೆದೂ ಇತ್ತು. ನಾನು ತೋಳಿಗೆ ಅಂಚು ಕೊಡುತ್ತಾ, ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು, ‘ಬಾಗಿಲಲ್ಲೇ ಬರಬಹುದಿತ್ತಲ್ಲ ಸ್ವಾಮಿ’ ಎಂದು ಟ್ರೇಲರ್ ಕೆಳಗೆ ಬರೆದೆ. ಆ ನಾಯಕರ ಪರಮಭಕ್ತೆಯಾದ ಸರ್ವಮಂಗಳಮ್ಮನವರು ಕುಣಿಗಲ್ಲಿನಿಂದ ತಕ್ಷಣ, ‘ಬಾಗಿಲಲ್ಲಿ ಬರೋಕೆ ಅವರೇನು ನೆಂಟರಾ?’ ಎಂದು ಬರೆದರು. ನನಗೆ ನಗು ಬಂದು ತುಟಿಯ ಸೂಜಿ ಬಿದ್ದು ಕಳೆದೇಹೋಯಿತು.

ಇಷ್ಟಕ್ಕೆ ನಿಂತಿದ್ದರೆ ತಮ್ಮಂಥ ಮಹನೀಯರ ಅಗತ್ಯವಾದರೂ ಏನಿತ್ತು? ನಾನು ಸೂಜಿಗಾಗಿ ನೆಲ ತಡಕುತ್ತಿದ್ದಾಗ ಫೋನಿನಲ್ಲಿ ಒಂದು ನೀಲಿ ಗುಂಡಿ ಮೂಡಿತು. ‘ನಿಮಗಾಗಿ ಉತ್ತರ ಸಿದ್ಧವಾಗಿದೆ, ಕಳುಹಿಸಲೇ?’ ಎಂದು ತಮ್ಮ ಯಂತ್ರ ಮಹಾಶಯರು ಎಷ್ಟು ವಿನಯದಿಂದ ಕೇಳಿದರೆಂದರೆ, ನನ್ನ ಯಜಮಾನರೂ ಇಷ್ಟು ವರ್ಷದಲ್ಲಿ ಒಂದು ಲೋಟ ನೀರನ್ನು ಅಷ್ಟು ವಿನಯದಿಂದ ಕೇಳಿದ್ದಿಲ್ಲ. ಕನ್ನಡಕ ಹೊಲಿಗೆ ಮಿಷನ್ನಿನ ಮೇಲಿತ್ತು. ಏನೋ ಒಳ್ಳೆಯದೇ ಇರಬೇಕೆಂದು ಒತ್ತಿದೆ. ಕನ್ನಡಕ ಹಾಕಿಕೊಂಡು ನೋಡಿದರೆ ನನ್ನ ಹೆಸರಿನಲ್ಲಿ, ‘ನೆಂಟಸ್ತನದ ಮರ್ಯಾದೆ ನಿಮಗೆ ಗೊತ್ತಿದ್ದರೆ ತಾನೇ!’ ಎಂದು ಹೋಗಿತ್ತು.

ಅಳಿಸುವುದು ಹೇಗೆಂದು ಹುಡುಕುವಷ್ಟರಲ್ಲಿ ಕುಣಿಗಲ್ಲಿನಿಂದ ಉತ್ತರ ಬಂತು: ‘ಮರ್ಯಾದೆ ನಮ್ಮ ಕಡೆ ಹುಟ್ಟಿತು, ಗುಬ್ಬಿಗೆ ಬರಲು ಅದಕ್ಕೆ ಬಸ್ಸು ಸಿಗಲಿಲ್ಲ.’

ಮಾನ್ಯರೇ, ನಾನೂ ಮನುಷ್ಯಳು. ಗುಬ್ಬಿಗೆ ಬಸ್ಸಷ್ಟೇ ಅಲ್ಲ, ರೈಲೂ ಇದೆ. ನೀಲಿ ಗುಂಡಿ ಮತ್ತೆ ಮೂಡಿತು. ಈ ಸಲ ಕನ್ನಡಕ ಹಾಕಿಕೊಂಡೇ ಒತ್ತಿದೆ. ಅವರೂ ಬಿಡಲಿಲ್ಲ. ಗುಬ್ಬಿಯ ಕೊಬ್ಬರಿ, ಕುಣಿಗಲ್ಲಿನ ಕುದುರೆ, ನಮ್ಮ ಮದುವೆಯೂಟದ ಸಾರು, ಅವರ ಮನೆಯ ಬೀಗರೌತಣದ ಪಾಯಸ, ಯಾವುದನ್ನೂ ತಮ್ಮ ಗುಂಡಿ ಬಿಡಲಿಲ್ಲ. ‘ಉಕ್ಕಿನ ಮೀಸೆ’ಯನ್ನು ಮಾತ್ರ ಎಲ್ಲರೂ ಮರೆತೆವು. ಬೆಳ್ಳಾವಿ ಊರಿನವರು ನನ್ನ ಪಕ್ಷ ಹಿಡಿದರು. ಯಾವ ದೇಶದವರೋ ತಿಳಿಯದ ಒಬ್ಬರು, ನಮ್ಮ ಕನ್ನಡ ಒಂದಕ್ಷರ ಬಾರದಿದ್ದರೂ, ಇಬ್ಬರಿಗೂ ಬೆಂಕಿಯ ಚಿತ್ರ ಕಳಿಸಿ ಹುರಿದುಂಬಿಸಿದರು. ತಾವು ನನಗೆ ‘ಕಿಡಿರತ್ನ’ ಎಂಬ ಪದಕವನ್ನೂ ದಯಪಾಲಿಸಿದಿರಿ. ಜೀವಮಾನವೆಲ್ಲ ಹೊಲಿದದ್ದಕ್ಕೆ ಯಾರೂ ಒಂದು ಹಾರ ಹಾಕಿರಲಿಲ್ಲ. ಬೀಗಿತ್ತಿಯನ್ನು ಬೈದದ್ದಕ್ಕೆ ರತ್ನವಾದೆ.

ಮರುದಿನ ತಮ್ಮ ಪ್ರಚಾರ ವಿಭಾಗದವರು ಭಿತ್ತಿಪತ್ರ ಹೊರತಂದರು. ‘ಗುಬ್ಬಿಯೋ? ಕುಣಿಗಲ್ಲೋ? ಯುದ್ಧಕ್ಕೆ ಕಾರಣವಾದ ಚಿತ್ರ, ಉಕ್ಕಿನ ಮೀಸೆ!’ ನಡುವೆ ನಾಯಕರು, ಅತ್ತ ಇತ್ತ ನಾವು, ತಲೆಯ ಮೇಲೆ ಜ್ವಾಲೆ. ನನ್ನ ಬಾಯಿ ಹುಲಿಯ ಬಾಯಿಯಂತೆ ತೆರೆದಿತ್ತು. ಅದು ನಾನೇ ತಮ್ಮ ಆ್ಯಪ್‌ನಲ್ಲಿ ಹಾಕಿದ್ದ ಅಕ್ಷತಾಳ ಮದುವೆಯ ಫೋಟೋ, ಮಾನ್ಯರೇ. ಅದರಲ್ಲಿ ಸರ್ವಮಂಗಳಮ್ಮನವರು ನನ್ನ ಬಾಯಿಗೆ ಹೋಳಿಗೆ ಇಡುತ್ತಿದ್ದಾರೆ. ತಾವು ಹೋಳಿಗೆ ಹಿಡಿದ ಕೈಯನ್ನು ಕತ್ತರಿಸಿ, ಬಾಯಿಯನ್ನು ಮಾತ್ರ ಉಳಿಸಿಕೊಂಡಿರಿ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ನನಗೂ ಇಂಥ ಕತ್ತರಿ ಕೆಲಸ ಬರುವುದಿಲ್ಲವೆಂದು ತಲೆಬಾಗಿ ಒಪ್ಪುತ್ತೇನೆ.

ಇಷ್ಟರವರೆಗೂ ನಗು ಬರಬಹುದು. ಆದರೆ ಅದೇ ವಾರದ ಕೊನೆಗೆ ತುಮಕೂರಿನ ಮನೆಯಲ್ಲಿ ಅಕ್ಷತಾಳ ಸೀಮಂತವಿತ್ತು. ಮೊದಲ ಆರತಿ ಅತ್ತೆಯದೇ ಆಗಬೇಕು. ಸರ್ವಮಂಗಳಮ್ಮನವರು ಬರುವುದಿಲ್ಲವೆಂದು ಮಗನ ಹತ್ತಿರ ಹೇಳಿಕಳಿಸಿದರು. ಅವರು ಬರದಿದ್ದರೆ ನಾನೇನು ಕೈಕಾಲು ಹಿಡಿಯಬೇಕೇ ಎಂದು ನಾನೂ ಬಿಗಿದುಕೊಂಡೆ. ಆಗ ಮಗಳ ಫೋನ್ ಬಂತು.

“ಅಮ್ಮ, ನೀವಿಬ್ರೂ ಬರಬೇಡಿ. ಅಂಗಡೀಲಿ ಬಳೆ ತಂದಿದೀನಿ, ನಾನೇ ತೊಟ್ಕೊಂತೀನಿ. ಆರತಿ ಆ ಫೋನ್‌ಗೆ ಎತ್ಕೊಳ್ಳಿ,” ಎಂದಳು. ಕೂಗಲಿಲ್ಲ, ಅಳಲೂ ಇಲ್ಲ. ಅವಳು ಚಿಕ್ಕಂದಿನಿಂದ ಜೋರಾಗಿ ಅಳುವ ಹುಡುಗಿ. ಆ ಸಮಾಧಾನದ ದನಿ ಕೇಳಿ ನನ್ನ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

ತಮ್ಮ ಸಹಾಯ ವಿಭಾಗಕ್ಕೆ ಬರೆದೆ. ‘ನಿಮ್ಮ ಭಾವನೆಗಳು ನಮಗೆ ಅಮೂಲ್ಯ. ಅವನ್ನು ಇನ್ನಷ್ಟು ಜನರಿಗೆ ತಲುಪಿಸಿದ್ದೇವೆ’ ಎಂಬ ಉತ್ತರ ಬಂತು. ನಿಜವೇ, ಸಂಜೆಯ ಹೊತ್ತಿಗೆ ತಿಪಟೂರಿನಿಂದಲೂ ಬೈಗುಳ ಬರತೊಡಗಿದವು.

ಯಜಮಾನರಿಗೆ ಹೇಳಿದೆ, “ಕುಣಿಗಲ್ಲಿಗೆ ಹೋಗಿಬರ್ತೀನಿ.” ಅವರು ಪೇಪರ್ ಕೆಳಗಿಳಿಸಿ, “ರಾಜಿಗೋ, ಎರಡನೇ ಸುತ್ತಿಗೋ?” ಎಂದರು. “ಬಸ್ಸಲ್ಲಿ ಯೋಚನೆ ಮಾಡ್ತೀನಿ,” ಎಂದೆ. ಅದು ನಿಜವೇ ಆಗಿತ್ತು.

ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕಿಟಕಿ ಪಕ್ಕ ಕೂತೆ. ಗೂಳೂರಿನಲ್ಲಿ ಹತ್ತಿದ ದೊಡ್ಡಗಂಗಮ್ಮ ಎಂಬ ಹೆಂಗಸು, ಸೊಪ್ಪಿನ ಬುಟ್ಟಿಯನ್ನು ನನ್ನ ಕಾಲ ಬಳಿ ಇಟ್ಟು, ನನ್ನ ಮುಖವನ್ನೇ ನೋಡಿ, “ಅಯ್ಯೋ, ನೀವು ಆ ಬಾಯಿನೋರಲ್ವಾ?” ಎಂದಳು. ನಾನು ಸೆರಗು ಮುಖಕ್ಕೆ ತಂದೆ. ಅವಳು ಬಿಡದೆ, “ನಮ್ ಮನೇಲಿ ಎಲ್ಲಾ ನಿಮ್ ಕಡೇನೇ ಕಣಕ್ಕಾ. ನನ್ ಸೊಸೆ ಒಬ್ಳು ಕುಣಿಗಲ್ ಕಡೆ ಸೇರ್ಕೊಂಡವ್ಳೆ, ಎರಡು ದಿನದಿಂದ ಅವ್ಳ ಜತೆ ಮಾತು ಬುಟ್ಟಿವ್ನಿ. ನೀವು ಮಾತ್ರ ಸೋಲ್ಬೇಡಿ!” ಎಂದು ಧೈರ್ಯ ತುಂಬಿ, ಒಂದು ಕಟ್ಟು ದಂಟಿನಸೊಪ್ಪನ್ನು ಬೇಡವೆಂದರೂ ನನ್ನ ಚೀಲಕ್ಕೆ ತುರುಕಿದಳು. ಯಾರದೋ ಸೊಸೆ ಯಾರದೋ ಅಡುಗೆಮನೆಯಲ್ಲಿ ನನ್ನಿಂದಾಗಿ ಬಾಯಿ ಮುಚ್ಚಿಕೊಂಡು ರೊಟ್ಟಿ ತಟ್ಟುತ್ತಿದ್ದಾಳೆಂದು ತಿಳಿದ ಮೇಲೆ, ಬಸ್ಸಿನಲ್ಲಿ ಮಾಡಬೇಕಿದ್ದ ಯೋಚನೆ ಅಲ್ಲಿಗೇ ಮುಗಿಯಿತು. “ನಿಮ್ ಸೊಸೆ ಜತೆ ಮಾತಾಡ್ರವ್ವಾ, ನಾವು ರಾಜಿ ಆಗ್ಬಿಟ್ವಿ,” ಎಂದೆ. ಆಗಿರಲಿಲ್ಲ. ಆದರೆ ಹೇಳಿದ ಮೇಲೆ ಆಗಲೇಬೇಕಾಯಿತು.

ಸರ್ವಮಂಗಳಮ್ಮನವರು ಬಾಗಿಲಲ್ಲೇ ನಿಂತಿದ್ದರು. “ಏನು, ಗೋಡೆ ಒಡ್ಕೊಂಡು ಬರ್ಲಿಲ್ವಾ?” ಎಂದರು.

“ನೆಂಟ್ರು ಅಲ್ವಾ, ಅದಕ್ಕೆ ಬಾಗ್ಲಲ್ಲಿ ಬಂದೆ,” ಎಂದೆ.

ಅವರ ತುಟಿ ಒಂಚೂರು ಅಲುಗಿತು, ಆದರೆ ನಗಲಿಲ್ಲ. ನೀರು ಕೊಟ್ಟರು. ಕುರ್ಚಿ ತೋರಿಸಿದರು. ನಾನು ಕೂರುವ ಮೊದಲೇ, “ನಮ್ಮನೆ ಪಾಯಸ ಕುಡಿದು ಕುದುರೆ ಕೂಡ ಕೆಮ್ಮಿತು ಅಂದ್ರಲ್ಲ, ಹಂಗನ್ನೋಕೆ ನಿಮಗೆ ಮನಸ್ಸಾದ್ರೂ ಹೆಂಗೆ ಬಂತ್ರೀ?” ಎಂದು ಕೇಳಿದರು. ಕಣ್ಣು ತುಂಬಿತ್ತು.

“ಅದು ನಾನು ಬರೆದಿದ್ದಲ್ಲ ಕಣ್ರೀ. ಅದೇ ಬಂತು. ನಾನು ಬರೀ ಒತ್ತಿದ್ದು. ನೀವು ಬಸ್ಸಿನ ಮಾತು ಅಂದ್ರಲ್ಲ, ಅದು?”

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಮೆಲ್ಲಗೆ, “ನಿಮ್ಮದ್ರಲ್ಲೂ ನೀಲಿ ಗುಂಡಿ ಐತಾ?” ಎಂದರು.

ಇಬ್ಬರೂ ಫೋನ್ ತೆಗೆದು ಪಕ್ಕಪಕ್ಕದಲ್ಲಿಟ್ಟೆವು. ನಾನು ಒಂದಕ್ಷರವನ್ನೂ ಬರೆಯದೆ ಒತ್ತಿದೆ. ಅವರ ಫೋನಿನಲ್ಲಿ ಉತ್ತರ ಸಿದ್ಧವಾಗಿ ನಿಂತಿತು. ಅವರು ಒತ್ತಿದರು; ನನ್ನದರಲ್ಲಿ ಅದಕ್ಕಿಂತ ಖಾರವಾದದ್ದು ಮೂಡಿತು. ತಮ್ಮ ಯಂತ್ರ ಮಹಾಶಯರು ಇಷ್ಟು ದಿನ ತಮ್ಮೊಂದಿಗೆ ತಾವೇ ಜಗಳವಾಡುತ್ತಿದ್ದರು, ಮಾನ್ಯರೇ. ನಾವು ಅವರಿಗೆ ಹೆಸರನ್ನೂ ಹೆಬ್ಬೆಟ್ಟನ್ನೂ ಬಾಡಿಗೆಯಿಲ್ಲದೆ ಕೊಟ್ಟಿದ್ದೆವು. ಯಾರು ಮೊದಲು ನಕ್ಕರೋ ನೆನಪಿಲ್ಲ. ಸರ್ವಮಂಗಳಮ್ಮನವರು ನೆಲದ ಮೇಲೆ ಕೂತುಬಿಟ್ಟರು, ನಾನು ಗೋಡೆ ಹಿಡಿದುಕೊಂಡೆ. ಹಿತ್ತಿಲಿನಲ್ಲಿದ್ದ ಅವರ ಯಜಮಾನರು ಪಕ್ಕದ ಮನೆಯ ರಾಮಾಂಜಿನಯ್ಯನವರನ್ನೂ ಕರೆದುಕೊಂಡು ಜಗಳ ಬಿಡಿಸಲು ಓಡಿಬಂದು, ನಮ್ಮನ್ನು ನೋಡಿ, ಯಾರಿಗೆ ನೀರು ಚಿಮುಕಿಸಬೇಕೆಂದು ತಿಳಿಯದೆ ಚೊಂಬು ಹಿಡಿದು ನಿಂತರು.

ನಗು ಇಳಿದ ಮೇಲೆ ಸರ್ವಮಂಗಳಮ್ಮನವರು ಕಣ್ಣೊರೆಸಿಕೊಂಡು, “ಒಂದು ಮಾತು ಮಾತ್ರ ನಂದೇ. ನೀವು ಹೊಲಿದ ರೇಷ್ಮೆ ಬ್ಲೌಸಿನ ತೋಳು ಬಿಗಿ ಅಂದಿದ್ದು. ಅದು ನಿಜವಾಗ್ಲೂ ಬಿಗಿ ಕಣ್ರೀ,” ಎಂದರು.

ಅಷ್ಟು ಬೈಗುಳದಲ್ಲಿ ನನಗೆ ನಿಜವಾಗಿ ಚುಚ್ಚಿದ್ದು ಅದೊಂದೇ. ಅಲ್ಲೇ ಬ್ಲೌಸ್ ತರಿಸಿ, ತೋಳು ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಸಡಿಲಿಸಿ ಕೈಹೊಲಿಗೆಯಲ್ಲೇ ಮತ್ತೆ ಕೂಡಿಸಿದೆ. ಅವರು ಪಕ್ಕದಲ್ಲಿ ಕೂತು ದಂಟಿನಸೊಪ್ಪು ಸೋಸಿದರು. ಸೀಮಂತದ ದಿನ ಅದೇ ಬ್ಲೌಸ್ ತೊಟ್ಟು ಬಂದು, ಮೊದಲ ಆರತಿ ಎತ್ತಿದರು. ಬಳೆ ತೊಡಿಸುವಾಗ ಅಕ್ಷತಾ ಇಬ್ಬರ ಮುಖವನ್ನೂ ನೋಡಿ ಈ ಸಲ ಜೋರಾಗಿ ಅತ್ತಳು. ನನಗೆ ಅಷ್ಟು ನೆಮ್ಮದಿಯಾಗಿ ಬಹಳ ಕಾಲವಾಗಿತ್ತು.

ಆರತಿ ಮುಗಿದು ಎಲೆ ಹಾಕುವ ಹೊತ್ತಿಗೆ ತಮ್ಮ ಪ್ರಚಾರ ವಿಭಾಗದ ಅಂಜನ್‌ಕುಮಾರ್ ಎಂಬ ಸಜ್ಜನರ ಕರೆ ಬಂತು. “ಮೇಡಂ, ನೀವಿಬ್ರೂ ಒಂದಾಗಿರೋ ಫೋಟೋ ಯಾರೋ ಹಾಕಿದಾರೆ. ಸ್ವಲ್ಪ ದಿನ ರಾಜಿ ಮುಂದಕ್ಕೆ ಹಾಕೋಕಾಗುತ್ತಾ? ಶುಕ್ರವಾರ ರಿಲೀಸ್ ಇದೆ,” ಎಂದರು. ದನಿಯಲ್ಲಿ ನಿಜವಾದ ದುಃಖವಿತ್ತು. ಸರ್ವಮಂಗಳಮ್ಮನವರು ಫೋನ್ ಕಸಿದುಕೊಂಡು, “ಏನ್ಲಾ, ಊಟ ಆಯ್ತೇನ್ಲಾ ನಿಂದು?” ಎಂದರು. “ಇಲ್ಲ ಆಂಟಿ,” ಎಂದಿತು ಆ ಕಡೆಯ ದನಿ, ಸಣ್ಣಗೆ. “ಬಾ, ಎಲೆ ಹಾಕ್ಸಿರ್ತೀನಿ. ಬಾಗ್ಲು ತೆಗ್ದೈತೆ,” ಎಂದು ವಿಳಾಸ ಕೊಟ್ಟರು. ಅಂಜನ್‌ಕುಮಾರ್ ಅವರು ಬರಲಿಲ್ಲ. ಅವರ ಎಲೆಯ ಹೋಳಿಗೆಯನ್ನು ನಾವೇ ಹಂಚಿಕೊಂಡೆವು.

ಶುಕ್ರವಾರ ನಾವು ನಾಲ್ವರು ಬೀಗರೂ ತುಮಕೂರಿನಲ್ಲಿ ‘ಉಕ್ಕಿನ ಮೀಸೆ’ಗೆ ಹೋದೆವು. ತಮ್ಮ ಆ್ಯಪ್ ‘ಹೌಸ್‌ಫುಲ್’ ಎಂದಿತ್ತು. ಒಳಗೆ ನಮ್ಮನ್ನು ಬಿಟ್ಟರೆ ನಿದ್ದೆ ಹೋದ ಒಬ್ಬರಿದ್ದರು. ತಮ್ಮ ಲೆಕ್ಕದಲ್ಲಿ ಉಳಿದ ಸೀಟುಗಳಲ್ಲಿ ಯಂತ್ರ ಮಹಾಶಯರೇ ಕೂತಿದ್ದರೆಂದು ನಂಬಿ, ಮುಂದಿನ ಸಾಲಿನವರಿಗೆ ಕಾಲು ತಾಗದಂತೆ ನೋಡಿಕೊಂಡೆವು. ಗೋಡೆ ಒಡೆಯುವ ದೃಶ್ಯದಲ್ಲಿ ಸರ್ವಮಂಗಳಮ್ಮನವರು ಎದ್ದುನಿಂತು ಶಿಳ್ಳೆ ಹಾಕಿದರು. ಬೀಗಿತ್ತಿ ಅಷ್ಟು ಚೆನ್ನಾಗಿ ಶಿಳ್ಳೆ ಹಾಕುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ನಿದ್ದೆಯವರೂ ಎದ್ದರು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಗೂಳೂರಿನ ದೊಡ್ಡಗಂಗಮ್ಮನ ಮನೆಗೆ ತಾವು ಖುದ್ದಾಗಿ ಹೋಗಿ ಅತ್ತೆ ಸೊಸೆಯನ್ನು ಮಾತಾಡಿಸಿ ಬರಬೇಕು. ಸೊಪ್ಪು ಕೊಟ್ಟರೆ ಬೇಡವೆನ್ನಬಾರದು. ಯಂತ್ರ ಮಹಾಶಯರಿಗೆ ಜಗಳವಿಲ್ಲದೆ ಹೊತ್ತು ಹೋಗದಿದ್ದರೆ ಅವರಿಗೂ ಒಂದು ಸಂಬಂಧ ನೋಡಿ ಮದುವೆ ಮಾಡಬೇಕು. ಬೀಗಿತ್ತಿ ಸಿಕ್ಕ ಮೇಲೆ ಅವರೇ ತಣ್ಣಗಾಗುತ್ತಾರೆ. ಇವು ಸಾಧ್ಯವಾಗದಿದ್ದರೆ ಕನಿಷ್ಠ ಅಂಜನ್‌ಕುಮಾರ್ ಅವರಿಗೆ ಮಧ್ಯಾಹ್ನ ಊಟಕ್ಕೆ ಬಿಡಬೇಕಾಗಿ ಪ್ರಾರ್ಥನೆ.

ಹೊಲಿಗೆ ಬಿಟ್ಟು ಇಷ್ಟು ಬರೆದು ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಂಡದ್ದಕ್ಕೆ, ತಾವು ನಮ್ಮದನ್ನು ತೆಗೆದುಕೊಂಡಷ್ಟೇ ಸಂತೋಷದಿಂದ, ವಂದಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ, ಬೇರೆ ದಾರಿಯಿಲ್ಲದೆ,
ಉಮಾಮಹೇಶ್ವರಿ ಮಹಾಲಿಂಗಯ್ಯ
ಗುಬ್ಬಿ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ, ತಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರೆಂದು ಕೇಳಿ ತಮ್ಮ ಸಂದೇಶ ಬಂದಿದೆ. ನಮ್ಮಲ್ಲಿ ನಕ್ಷತ್ರವನ್ನು ಹುಟ್ಟಿದವರಿಗೆ ನೋಡಿ ಹೇಳುವುದು ರೂಢಿ. ತಾವು ಹುಟ್ಟಿದ ಗಳಿಗೆಯನ್ನು ತಿಳಿಸಿದರೆ ಸರ್ವಮಂಗಳಮ್ಮನವರೂ ನಾನೂ ಪಂಚಾಂಗ ತೆಗೆಸಿ ನೋಡುತ್ತೇವೆ. ಗುಣ ನೋಡಿದರೆ ಅಮಾವಾಸ್ಯೆಯೇ ಇರಬೇಕೆಂದು ಇಬ್ಬರದೂ ಒಮ್ಮತ.