ಅಜ್ಜಂಪುರದ ಗಂಡುಗಳು ಹೊಸಬರಾದದ್ದು

ನಮ್ಮ ಕಡೆ ಅತ್ತೆಯಂದಿರಿಗೆ ಹೆಸರಿರುವುದಿಲ್ಲ, ಊರಿರುತ್ತದೆ. ನಮ್ಮ ತರೀಕೆರೆ ಅತ್ತೆ ಕಡೂರಿಗೆ ಹೋಗಿ ಮನೆ ಕಟ್ಟಿಸಿ ಮೊಮ್ಮಕ್ಕಳನ್ನು ಕಂಡರೂ ಇವತ್ತಿಗೂ ತರೀಕೆರೆ ಅತ್ತೆಯೇ. ಯಾರಿಗೂ ಗೊಂದಲವಿಲ್ಲ. ಇಷ್ಟು ದೊಡ್ಡ ಮನಸ್ಸು ಕಂಪ್ಯೂಟರಿಗಿಲ್ಲವಲ್ಲ ಎಂಬುದೇ ನನ್ನ ಕೊರಗು.

ನಾನು ತರೀಕೆರೆ ಬಸ್‌ಸ್ಟ್ಯಾಂಡಿನ ಎದುರು ಗಿರಿಜಕ್ಕ ನಡೆಸುವ ವಧು-ವರರ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಅಲ್ಲಿ ಪ್ರತಿ ವರನಿಗೂ ಒಂದು ನಂಬರು. ಅವನ ತಾಲ್ಲೂಕು, ಉದ್ಯೋಗ ಎಲ್ಲ ಅದರಲ್ಲೇ ಅಡಕ. ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವ ಈ ಗುರುತಿಗೆ ನಮ್ಮ ಕಸುಬಿನಲ್ಲಿ ಪ್ರೈಮರಿ ಕೀ ಎನ್ನುತ್ತಾರೆ. ಆ ಹಳೆಯ ಡೇಟಾಬೇಸಿನ ಮೇಲೆ ನಾನು ಹೊಸ ಪ್ರೋಗ್ರಾಮು ಬರೆದು, ನಡುವೆ ಓ.ಆರ್.ಎಂ. ಎಂಬ ತಂತ್ರಾಂಶದ ದಲ್ಲಾಳಿಯನ್ನು ಕೂರಿಸಿದ್ದೆ. ಇಂಥ ವರನನ್ನು ತಾ ಎಂದರೆ ಸಾಕು, ಹುಡುಕಿ ತಂದು ನಿಲ್ಲಿಸುತ್ತಾನೆ. ಒಳ್ಳೆಯವನೇ, ಆದರೆ ಒಂದು ಹಠ: ನಂಬರು ಬದಲಾದರೆ ಅವನ ಲೆಕ್ಕದಲ್ಲಿ ಮನುಷ್ಯನೇ ಬೇರೆ.

ಹೀಗಿರುವಾಗ ತರೀಕೆರೆಗೆ ಸೇರಿದ್ದ ಅಜ್ಜಂಪುರ ತಾನೇ ಒಂದು ತಾಲ್ಲೂಕಾಯಿತು. "ಲೇ, ಅಜ್ಜಂಪುರದ ಗಂಡುಗಳ ನಂಬರ್ನಾಗೆ ಇನ್ನೂ ತರೀಕೆರೆ ಅಂತ ಐತಲ್ಲೋ, ಬದಲಾಯ್ಸು" ಎಂದರು ಗಿರಿಜಕ್ಕ. "ನಂಬರಿಗೆ ಅರ್ಥವೇ ಇರಬಾರ್ದು ಕಣಕ್ಕಾ. ಒಂದು, ಎರಡು, ಮೂರು ಅಂತ ಕೊಟ್ಬಿಡಾಣ" ಎಂದೆ. "ಅರ್ಥ ಇಲ್ದಿರೋ ನಂಬರ್ ಇಟ್ಕಂಡು ಹೆಣ್ಣಿನೋರಿಗೆ ಏನ್ ಹೇಳ್ಲಿ, ನಿನ್ ತಲೆ?"

ಬದಲಾಯಿಸಿದೆ. ದಲ್ಲಾಳಿ ತನ್ನ ಬುದ್ಧಿ ತೋರಿಸಿಯೇಬಿಟ್ಟ. ಅಜ್ಜಂಪುರದವರೆಲ್ಲ ಫೋಟೋ ಸಮೇತ ಹೊಸ ವರರಾಗಿ ಬಂದು ಕೂತರು. ಯಾವ ಹೆಣ್ಣು ಯಾರನ್ನು ಬೇಡ ಅಂದಿತ್ತು ಎಂಬುದೆಲ್ಲ ಹಳೆಯ ನಂಬರಿಗೇ ಅಂಟಿಕೊಂಡು ಹಿಂದೆ ಉಳಿಯಿತು. ಆ ವರರಲ್ಲಿ ನಾನೂ ಒಬ್ಬ. ಕೆಲಸಕ್ಕೆ ಸೇರಿದಾಗ ಗಿರಿಜಕ್ಕ ಬೋನಸ್ಸಿನ ಬದಲು ಬಿಟ್ಟಿ ನೋಂದಣಿ ಮಾಡಿಕೊಟ್ಟಿದ್ದರು.

ಮರುವಾರವೇ ಗಿರಿಜಕ್ಕ ಕಂಪ್ಯೂಟರು ತೋರಿಸಿದ್ದನ್ನು ನಂಬಿ ಹೊಸ ಸಂಬಂಧ ಎಂದು ಕಡೂರಿನ ಒಂದು ವಿಳಾಸ ಕೊಟ್ಟರು. ಎರಡು ಸಲ ಓದಿದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಶೋಭಾಳ ಮನೆ ಅದು. ಹಿಂದೊಮ್ಮೆ ಹೋಗಿದ್ದೆ, ಅವಳು ಬೇಡ ಅಂದಿದ್ದಳು. ನನಗೋ, ಅವಳನ್ನು ಮರೆಯಲಾಗಿರಲಿಲ್ಲ. ಗಿರಿಜಕ್ಕನಿಗೆ ನಿಜ ಹೇಳಬೇಕಿತ್ತು. ಹೇಳದೆ ಅಂಗಿ ಇಸ್ತ್ರಿ ಮಾಡಿಸಿದೆ.

"ಎಲ್ಲೋ ನೋಡ್ದಂಗೈತಲ್ಲಾ?" ಎಂದರು ಅವಳ ತಂದೆ. ಕೇಸರಿಬಾತು ತಂದಿಟ್ಟ ಶೋಭಾ, "ಇಲ್ಲೇ ನೋಡಿದೀವಿ ಅಪ್ಪಾಜಿ. ಬೇಡ ಅಂದಿದ್ವಿ" ಎಂದಳು. ನನ್ನ ಗಂಟಲಿನಲ್ಲಿ ಗೋಡಂಬಿ ಸಿಕ್ಕಿಕೊಂಡಿತು. ನೀರು ಕುಡಿದು, ಮಾನ ಉಳಿಸಿಕೊಳ್ಳಲು ಪ್ರೈಮರಿ ಕೀಯಿಂದ ಹಿಡಿದು ದಲ್ಲಾಳಿಯ ಹಠದವರೆಗೆ ಒಂದೇ ಉಸಿರಿಗೆ ಒದರಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಹೋದ ಸಲ ಬಾಯೇ ಬಿಟ್ಟಿರ್ಲಿಲ್ಲ, ಮೂಗ್ರೇನೋ ಅಂದ್ಕೊಂಡಿದ್ದೆ" ಎಂದು ತಂದೆಯ ಕಡೆ ತಿರುಗಿದಳು. "ಅಪ್ಪಾಜಿ, ನಾನು ಬೇಡ ಅಂದಿದ್ದು ತರೀಕೆರೆ ತಾಲ್ಲೂಕಿನೋರನ್ನ. ಅಜ್ಜಂಪುರದೋರಿಗೆ ಇನ್ನೂ ಏನೂ ಅಂದಿಲ್ಲ."

ಮದುವೆಯಾದ ಮೇಲೆ ಒಳ್ಳೆಯ ಮನುಷ್ಯನಾಗುವ ಹುಮ್ಮಸ್ಸಿನಲ್ಲಿ ಎಲ್ಲರಿಗೂ ಅರ್ಥವಿಲ್ಲದ ನಂಬರು ಕೊಟ್ಟು, ತಾಲ್ಲೂಕಿಗೆ ಬೇರೆ ಕಾಲಮ್ಮು ಮಾಡಿ, ಹಿಂದೆ ಉಳಿದಿದ್ದ ‘ಬೇಡ’ಗಳನ್ನೆಲ್ಲ ಅವರವರ ಹೆಸರಿಗೆ ಸೇರಿಸಿದೆ. ಈಗ ನನ್ನ ಹೆಸರು ಒತ್ತಿದರೆ ಶೋಭಾ ಎರಡು ಸಲ ಬರುತ್ತಾಳೆ: ಮೊದಲು ಬೇಡ, ಆಮೇಲೆ ಒಪ್ಪಿಗೆ. ಮೊನ್ನೆ ಗಿರಿಜಕ್ಕ ಅದನ್ನು ಅವಳಿಗೆ ತೋರಿಸಿಯೂ ಬಿಟ್ಟರು. ಅಂದಿನಿಂದ ನಾನು ತರಕಾರಿ ಮರೆತು ಬಂದಾಗಲೆಲ್ಲ ಅವಳದು ಒಂದೇ ಮಾತು: "ಕಂಪ್ಯೂಟರ್ನಾಗೇ ಐತಲ್ಲಾ, ಮೊದ್ಲು ಅಂದಿದ್ದೇ ಸರಿ ಇತ್ತು ಕಣ್ರೀ."