ಬ್ಯಾಕ್ ಖಾತೆಯ ಅಳಿಯ

ನೌಕರಿಗಾಗಿ ಕೆಲವರು ಓದುತ್ತಾರೆ, ಕೆಲವರು ವಶೀಲಿ ಹಚ್ಚುತ್ತಾರೆ. ನಾನು ಸುಮ್ಮನೆ ನಿಂತಿದ್ದೆ, ನೌಕರಿ ತಾನೇ ಬಂದು ಎದೆಗೆ ಬಡಿಯಿತು.

ನಾನು ಕುಲಗೋಡದವನು. ನಮ್ಮದು ಕುರಿ ಕಾಯುವ, ಇದ್ದ ತುಂಡು ಹೊಲದಲ್ಲಿ ಜೋಳ ಬಿತ್ತುವ ಮನೆತನ. ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲದಲ್ಲಿ ಗೋಕಾಕ ಫಾಲ್ಸಿನ ಗಿರಣಿಗೆ ಬದಲಿ ಆಳಾಗಿ ಸೇರಿಕೊಂಡೆ. ಯಾರಾದರೂ ಜ್ವರ ಬಂದು ಮಲಗಿದರೆ ಅವರ ಜಾಗದಲ್ಲಿ ನಿಲ್ಲುವುದು ನನ್ನ ಕೆಲಸ. ಊರಿನವರ ಆರೋಗ್ಯ ಚೆನ್ನಾಗಿದ್ದರೆ ನನಗೆ ಉಪವಾಸ. ಹೀಗಿರುವಾಗ ಒಂದು ಸಂಜೆ ಬುತ್ತಿಗಂಟು ಹಿಡಿದು ಗಿರಣಿಯ ಮೈದಾನ ದಾಟುತ್ತಿದ್ದೆ. ಆಟಗಾರರು ಒದ್ದ ಚೆಂಡೊಂದು ಬಂದು ನನ್ನ ಎದೆಗೆ ಅಪ್ಪಳಿಸಿತು. ಚೆಂಡು ಬಂದ ದಾರಿಯಲ್ಲೇ ವಾಪಸು ಹೋಯಿತು. ನಾನು ಕದಲಲಿಲ್ಲ. ಬುತ್ತಿಯೂ ಬೀಳಲಿಲ್ಲ.

ಟೀಮಿನ ಉಸ್ತುವಾರಿ ನೋಡುತ್ತಿದ್ದ ದೇಶಪಾಂಡೆ ಸಾಹೇಬರು ನನ್ನನ್ನು ಕರೆದು, ಮೂಡಲಗಿ ಸಂತೆಯಲ್ಲಿ ಎತ್ತು ನೋಡುವವರಂತೆ ಒಂದು ಸುತ್ತು ಹಾಕಿದರು. ಏನು ಉಣ್ಣುತ್ತೀ ಎಂದು ಕೇಳಿದರು. ರೊಟ್ಟಿ ಅಂದೆ. ಮರುದಿನದಿಂದ ನಾನು ಗಿರಣಿಯ ಫುಟ್‌ಬಾಲ್ ಟೀಮಿನ ಬ್ಯಾಕ್ ಆದೆ. ಅಂದರೆ ಎದುರಾಳಿ ಗೋಲು ಹೊಡೆಯದಂತೆ ಹಿಂದೆ ನಿಂತು ತಡೆಯುವವನು.

ಬೆಳಿಗ್ಗೆ ಹೆಸರಿಗೆ ನೂಲಿನ ಖಾತೆಯಲ್ಲಿ, ಅಂದರೆ ನೂಲು ತೆಗೆಯುವ ವಿಭಾಗದಲ್ಲಿ, ಒಂದಿಷ್ಟು ಓಡಾಡುವುದು, ಮಧ್ಯಾಹ್ನದ ನಂತರ ಚೆಂಡು. ಪಗಾರ ಚೆಂಡಿನದೇ. ಕೆಲಸಗಾರರ ಸಾಲುಮನೆಯಾದ ಚಾಳಿನಲ್ಲಿ ಒಂದು ಖೋಲಿಯನ್ನೂ ಕೊಟ್ಟರು. ಇಷ್ಟು ಸುಖದ ನೌಕರಿ ಕುಲಗೋಡದಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಬ್ಯಾಕಿನವನಿಗೆ ನೆಮ್ಮದಿಯೆಂಬುದಿಲ್ಲ ಎಂದು ನನಗೆ ಬೇಗನೇ ತಿಳಿಯಿತು. ಮುಂದೆ ಆಡುವವನು ಹತ್ತು ಸಲ ತಪ್ಪಿ ಒಂದು ಸಲ ಗೋಲು ಹೊಡೆದರೆ ಜನ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಬ್ಯಾಕಿನವನು ಹತ್ತು ಸಲ ತಡೆದು ಒಂದು ಸಲ ತಪ್ಪಿದರೆ, ಆ ಒಂದನ್ನು ಊರೆಲ್ಲ ಹೊತ್ತು ತಿರುಗುತ್ತದೆ. ಸಾಲದ್ದಕ್ಕೆ ನಾನಿನ್ನೂ ಕಾಯಂ ಆಗಿರಲಿಲ್ಲ. ಸಾಹೇಬರು ಬೇಡವೆಂದ ದಿನ ಖೋಲಿಯೂ ಇಲ್ಲ, ಪಗಾರವೂ ಇಲ್ಲ.

ಇಂಥ ಸ್ಥಿತಿಯಲ್ಲಿ ನನ್ನ ಮದುವೆಯಾಯಿತು. ಹುಡುಗಿ ಯಮಕನಮರಡಿಯವಳು, ಶಾಂತವ್ವ. ಮಾವ ಬಾಳಪ್ಪನವರು ಹೆದ್ದಾರಿಯಲ್ಲಿ ಎತ್ತಿನ ಚಕ್ಕಡಿ ಹೂಡಿ ಸಾಮಾನು ಸಾಗಿಸುವವರು. ಪ್ರತಿ ಊರಿನಲ್ಲೂ ವಿಚಾರಿಸಿಯೇ ಮುಂದೆ ಹೋಗುವ ಸ್ವಭಾವ. ಹುಡುಗಿ ನೋಡಲು ಹೋದಾಗ, ಗಿರಣಿಯಲ್ಲಿ ಯಾವ ಖಾತೆ ಎಂದು ಕೇಳಿದರು. ನಾನು ಪ್ರಾಮಾಣಿಕವಾಗಿ ‘ಬ್ಯಾಕ್’ ಅಂದೆ. ಅವರು ತಲೆದೂಗಿದರು. ಅಳಿಯ ಬ್ಯಾಕ್ ಖಾತೆಯಲ್ಲಿದ್ದಾನೆ, ಇಂಗ್ಲಿಷ್ ಹೆಸರಿನ ಖಾತೆ, ದೊಡ್ಡದೇ ಇರಬೇಕು ಎಂದು ಬೀಗರಿಗೆಲ್ಲ ಹೇಳಿದರು. ನಾನು ಸುಳ್ಳು ಹೇಳಿರಲಿಲ್ಲ. ತಿದ್ದುವ ಧೈರ್ಯ ಮಾತ್ರ ಬರಲಿಲ್ಲ.

ಬಣ್ಣ ಬಯಲಾದದ್ದು ಹುಕ್ಕೇರಿಯಲ್ಲಿ. ಅಲ್ಲಿ ನಮ್ಮ ಟೀಮಿನ ಒಂದು ಆಟವಿತ್ತು. ಮಾವ ಯಾರದೋ ಬೆಲ್ಲ ಇಳಿಸಲು ಅದೇ ದಿನ ಹುಕ್ಕೇರಿಗೆ ಬಂದಿದ್ದರು. ಜನ ಕೂಗುವುದು ಕೇಳಿ ಮೈದಾನದ ಅಂಚಿಗೆ ಬಂದು ನೋಡಿದರೆ, ಬ್ಯಾಕ್ ಖಾತೆಯ ಅಳಿಯ ಅರ್ಧ ಚಡ್ಡಿಯಲ್ಲಿ, ಕಾಲಿಗೆ ಅರಿವೆ ಸುತ್ತಿಕೊಂಡು, ಕೆಸರಿನಲ್ಲಿ ಬಿದ್ದಿದ್ದಾನೆ. ಅವರು ಹಿಂದಿರುಗಿ ಚಕ್ಕಡಿ ಹತ್ತಿ ಹೋದರು.

ಆ ವರ್ಷ ಪಂಚಮಿಗೆ ತವರಿಗೆ ಹೋದ ಶಾಂತವ್ವನನ್ನು ಅವರು ಮರಳಿ ಕಳಿಸಲಿಲ್ಲ. ನಾನು ಕರೆಯಲು ಹೋದೆ. ಮಾವ ನನ್ನನ್ನು ಕೂರಿಸಿ, ಊಟಕ್ಕೆ ಹಾಕಿಸಿ, ಎಲೆ ಅಡಿಕೆ ಕೊಟ್ಟು, ಆಮೇಲೆ ಮೆತ್ತಗೆ ಹೇಳಿದರು.

“ನೋಡ್ರಿ ಅಳಿಯಾರ, ಚೆಂಡು ಒದಿಯೂ ಕಾಲು ಇವತ್ತ ಐತಿ. ನಾಳೆ ಮುರೀತು ಅಂದ್ರ ನನ್ನ ಮಗಳು ಏನ್ ಮಾಡಬೇಕು? ಕಾಯಂ ಆದ ಮ್ಯಾಲ ಬರ್ರಿ, ಕರಕೊಂಡ ಹೋಗ್ರಿ.”

ದಿನವೂ ನಾನೇ ನನಗೆ ಹೇಳಿಕೊಳ್ಳುತ್ತಿದ್ದ ಮಾತದು. ಬಾಗಿಲ ಮರೆಯಲ್ಲಿ ಶಾಂತವ್ವನ ಬಳೆ ಸದ್ದಾಯಿತು. ಅಷ್ಟನ್ನೇ ಕೇಳಿಕೊಂಡು ಬಸ್ಸು ಹಿಡಿದೆ.

ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು. ಆಮೇಲೆ ಬೆಳಗಾವಿ ಕ್ಯಾಂಪಿನ, ಅಂದರೆ ದಂಡಿನ ಪ್ರದೇಶದ, ಟೀಮು ನಮ್ಮಲ್ಲಿಗೆ ಆಡಲು ಬರುತ್ತದೆ ಎಂಬ ಸುದ್ದಿ ಬಂತು. ಆ ಟೀಮಿನಲ್ಲಿ ಅಂಥೋನಿ ಎಂಬ ಆಟಗಾರನಿದ್ದ. ಅವನ ಕಾಲಿಗೆ ಚೆಂಡು ಸಿಕ್ಕರೆ ಗೋಲಿನಲ್ಲಿ ನಿಂತವನು ದೇವರನ್ನು ನೆನೆಯುವುದೊಂದೇ ಬಾಕಿ. ದೇಶಪಾಂಡೆ ಸಾಹೇಬರು ನನ್ನನ್ನು ಕರೆದು, ಈ ಆಟವಾದ ಮೇಲೆ ಕಾಯಂ ಮಾಡುವವರ ಹೆಸರು ಮೇಲಕ್ಕೆ ಕಳಿಸುತ್ತೇನೆ ಎಂದರು. ನನ್ನ ಕಿವಿ ನಿಮಿರಿತು. ಸಾಹೇಬರು ಹತ್ತಿರ ಬಂದು ಅಪ್ಪಣೆ ಕೊಟ್ಟರು.

“ಭರಮಪ್ಪಾ, ನಿನಗ ಚೆಂಡಿನ ಕಾಳಜಿ ಬ್ಯಾಡ. ಅಂಥೋನಿ ಎಲ್ಲಿ ಹೋಗ್ತಾನ ಅಲ್ಲಿ ನೀ ಇರಬೇಕು. ಅಂವಾ ನೀರ ಕುಡದ್ರ ನಿನ್ನ ಗಂಟಲಾ ತೊಯ್ಯಬೇಕು. ತಿಳೀತಿಲ್ಲೋ?”

ತಿಳಿಯಿತು ಎಂದೆ. ನನ್ನ ಬದುಕಿನ ಎಲ್ಲ ಅನಾಹುತಗಳೂ ‘ತಿಳಿಯಿತು’ ಎಂದ ಮೇಲೆಯೇ ಆರಂಭವಾಗಿವೆ.

ಮನುಷ್ಯನನ್ನು ಬೆನ್ನು ಹತ್ತುವ ವಿದ್ಯೆಗೆ ಅಭ್ಯಾಸ ಬೇಕಲ್ಲ. ಚಾಳಿಗೆ ಬರುವ ಹಾಲಿನವನನ್ನು ಆರಿಸಿಕೊಂಡೆ. ಅವನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಅವನು ನಿಂತರೆ ನಾನೂ ನಿಲ್ಲುವುದು. ಮೊದಲ ದಿನ ಅವನು ನಕ್ಕ. ಎರಡನೆಯ ದಿನ ಬೆವರಿದ. ಅದಾದ ಮೇಲೆ ಚಾಳಿನ ಹಾಲು ಇದ್ದಕ್ಕಿದ್ದಂತೆ ಗಟ್ಟಿಯಾಯಿತು. ಹೆಂಗಸರೆಲ್ಲ ನನ್ನನ್ನು ಹರಸಿದರು. ನಮ್ಮ ಗೋಲಕೀಪರ್ ದಸ್ತಗೀರ, ನನ್ನ ಪಕ್ಕದ ಖೋಲಿಯವನು, ಫುಟ್‌ಬಾಲ್‌ನಿಂದ ಸಮಾಜಕ್ಕೆ ಇಷ್ಟು ಉಪಕಾರವಾದದ್ದನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂದ. ನನಗೂ ಧೈರ್ಯ ಬಂತು. ಮಾವನಿಗೆ ಹೇಳಿ ಕಳಿಸಿದೆ: ಬಂದು ನನ್ನ ಖಾತೆಯನ್ನು ಕಣ್ಣಾರೆ ನೋಡಿರಿ. ಅಂಥ ಮಾತು ಹೇಳಿ ಕಳಿಸಬಾರದಿತ್ತು.

ಆಟದ ದಿನ ಮೈದಾನದ ಸುತ್ತ ಜನವೋ ಜನ. ನನ್ನ ಹೊಟ್ಟೆಗೆ ಬೆಳಗಿನಿಂದ ಒಂದು ತುತ್ತೂ ಇಳಿದಿರಲಿಲ್ಲ. ಮಾವ ಹಳದಿ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಒಬ್ಬರೇ ಬಂದಿದ್ದಾರೆ ಅಂದುಕೊಂಡೆ. ಶಾಂತವ್ವನೂ ಹಟ ಹಿಡಿದು ಚಕ್ಕಡಿ ಹತ್ತಿದ್ದಳು, ಹೆಂಗಸರ ಗುಂಪಿನಲ್ಲಿ ಎಲ್ಲೋ ಇದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ಸೀಟಿ ಊದಿದರು. ಮೊದಲರ್ಧದಲ್ಲಿ ನಾನು ಆಡಿದ ಆಟವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೊಗಳದ್ದರಿಂದ ಹೇಳುತ್ತೇನೆ. ಅಂಥೋನಿ ಬಲಕ್ಕೆ ಓಡಿದರೆ ನಾನು ಅಲ್ಲಿದ್ದೆ. ಎಡಕ್ಕೆ ತಿರುಗಿದರೆ ಅಲ್ಲೂ ಇದ್ದೆ. ಅವನ ಬೂಟು ನನ್ನ ಬರಿಗಾಲಿನ ಬೆರಳು ತುಳಿದರೂ ಬಿಡಲಿಲ್ಲ. ಅವನಿಗೆ ಚೆಂಡು ಮುಟ್ಟಲೂ ಆಗಲಿಲ್ಲ. ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದರು. ಕಾಯಂ ಎಂಬ ಶಬ್ದ ನನ್ನ ತಲೆಯಲ್ಲಿ ಗಿರಣಿಯ ಭೋಂಗಾದಂತೆ ಕೂಗತೊಡಗಿತು.

ನಡುವಿನ ವಿರಾಮದಲ್ಲಿ ನಮ್ಮವರೆಲ್ಲ ಒಂದು ಕಡೆ ಕುಳಿತು ನಿಂಬೆಹಣ್ಣು ಚೀಪಿದರು. ನಾನು ಕೂರಲಿಲ್ಲ. ಸಾಹೇಬರು ವಿರಾಮದಲ್ಲಿ ಬಿಡು ಎಂದೇನೂ ಹೇಳಿರಲಿಲ್ಲ. ಅಂಥೋನಿ ಬೇವಿನ ಮರದ ಮರೆಗೆ ಹೋದ. ನಾನೂ ಹೋದೆ. ಅವನು ಯಾವ ಕೆಲಸಕ್ಕೆ ಅಲ್ಲಿ ನಿಂತಿದ್ದನೋ ನಾನೂ ಅದರದೇ ನಟನೆ ಮಾಡುತ್ತ ಪಕ್ಕದಲ್ಲಿ ನಿಂತೆ. ಅವನು ಕತ್ತು ತಿರುಗಿಸಿ ನನ್ನನ್ನು ನೋಡಿ ಕೇಳಿದ.

“ಏನಪಾ, ಇಲ್ಲಿನೂ ಬಿಡಂಗಿಲ್ಲೇನ?”

“ಸಾಹೇಬ್ರು ಹೇಳ್ಯಾರ್ರಿ,” ಅಂದೆ. “ನೀವು ಎಲ್ಲಿ ಹೊಕ್ಕೀರಿ ಅಲ್ಲಿ ಬರಬೇಕಂತ.”

ಅಂಥೋನಿ ಚಡ್ಡಿ ಸರಿಮಾಡಿಕೊಂಡು ಮುಗುಳ್ನಕ್ಕ. ಒಳ್ಳೆಯ ಮನುಷ್ಯ, ನನ್ನ ಕರ್ತವ್ಯನಿಷ್ಠೆ ಮೆಚ್ಚಿಕೊಂಡ ಎಂದು ತಿಳಿದೆ.

ಎರಡನೆಯ ಅರ್ಧ ಶುರುವಾದ ಮೇಲೆ ಅವನು ಓಡುವುದನ್ನೇ ಬಿಟ್ಟ. ಹೊಲ ನೋಡಲು ಬಂದ ಗೌಡನಂತೆ ಕೈ ಬೆನ್ನಿಗೆ ಕಟ್ಟಿಕೊಂಡು ಅಡ್ಡಾಡತೊಡಗಿದ. ನಾನೂ ಅಡ್ಡಾಡಿದೆ. ಆಮೇಲೆ ರೆಫರಿಗೆ ಕೈಸನ್ನೆ ಮಾಡಿ, ಗೆರೆ ದಾಟಿ, ಹೆಂಗಸರು ಕುಳಿತ ಕಡೆಗೆ ನಡೆದ. ಅಲ್ಲಿ ನೀರಿನ ಕೊಡಗಳನ್ನು ಇಟ್ಟಿದ್ದರು. ನನಗೆ ಒಂದು ಕ್ಷಣ ಅನುಮಾನ ಬಂತು. ಗೆರೆಯ ಮೇಲೆ ನಿಂತು ಹಿಂದೆ ನೋಡಿದೆ, ಮುಂದೆ ನೋಡಿದೆ. ‘ಅಂಥೋನಿ ಎಲ್ಲಿ ಹೋಗ್ತಾನ ಅಲ್ಲಿ ನೀ ಇರಬೇಕು’ ಎಂಬ ಸಾಹೇಬರ ಮಾತು ನೆನಪಾಯಿತು. ಗೆರೆ ದಾಟಿದೆ.

ಕೊಡದ ಪಕ್ಕ ಸೆರಗು ಹೊದ್ದು ನಿಂತಿದ್ದವಳು ಅಂಥೋನಿಗೆ ಚರಿಗೆಯಲ್ಲಿ ನೀರು ಕೊಟ್ಟಳು. ಅವನು ಕುಡಿದು ಪಕ್ಕಕ್ಕೆ ಸರಿದ. ಅವಳು ಮತ್ತೊಂದು ಚರಿಗೆ ತುಂಬಿ ನನಗೆ ಚಾಚಿದಳು. ಬಳೆಯ ಸದ್ದು ಕೇಳಿ ತಲೆಯೆತ್ತಿದೆ. ಶಾಂತವ್ವ.

ಪಂಚಮಿಯಿಂದ ನೋಡಿರಲಿಲ್ಲ. ಸೊರಗಿದ್ದಳು. ಅಥವಾ ಹಾಗೆ ಕಾಣಲಿ ಎಂದು ನನಗೆ ಆಸೆಯಿತ್ತೋ ಏನೋ.

“ಊಟಾ ಆತಿಲ್ಲೋ?” ಎಂದಳು.

“ಆತು,” ಎಂದು ಸುಳ್ಳು ಹೇಳಿದೆ.

“ಸೊರಗೀರಿ,” ಎಂದಳು ಅವಳೂ.

ಚರಿಗೆ ಎತ್ತಿ ಗಟಗಟ ನೀರು ಕುಡಿದೆ. ಗಂಟಲು ಚೆನ್ನಾಗಿ ತೊಯ್ದಿತು. ಬೆನ್ನ ಹಿಂದೆ ಮೈದಾನ ಒಮ್ಮೆ ಗುಡುಗಿತು. ತಿರುಗಿ ನೋಡಿದರೆ, ನಾನು ನಿಲ್ಲಬೇಕಾದ ಜಾಗದಲ್ಲಿ ಯಾರೂ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಹಾದು ಬಂದ ಕ್ಯಾಂಪಿನ ಇನ್ನೊಬ್ಬ ಆಟಗಾರ ಗೋಲು ಹೊಡೆದು ಕುಣಿಯುತ್ತಿದ್ದ. ದಸ್ತಗೀರ ಮಣ್ಣಿನಲ್ಲಿ ಬೋರಲು ಬಿದ್ದು, ಎದ್ದೇಳುವ ಅವಸರ ತೋರಿಸದೆ, ಅಲ್ಲಿಂದಲೇ ನನ್ನನ್ನೂ ಚರಿಗೆಯನ್ನೂ ನೋಡುತ್ತಿದ್ದ.

ಚರಿಗೆ ಕೆಳಗಿಟ್ಟು ಓಡಿದೆ. ಸಾಹೇಬರು ಕುರ್ಚಿಯ ಮೇಲೆ ಎದ್ದು ನಿಂತಿದ್ದರು. ಆಟ ಮರಳಿ ಶುರುವಾದೊಡನೆ ಅಂಥೋನಿ ಮತ್ತೆ ಗೆರೆಯ ಕಡೆಗೆ ಅಡ್ಡಾಡಲು ಹೊರಟ. ನಾನು ಹಿಂದೆ ಹೊರಟೆ. ಅವನ ಹಿಂದೆ ಹೋಗಬೇಡ, ಅವನನ್ನು ಬಿಟ್ಟುಬಿಡು, ನಿನ್ನ ಜಾಗಕ್ಕೆ ಬಾ ಎಂದು ಸಾಹೇಬರು ಗಂಟಲು ಹರಿಯುವಂತೆ ಒದರಿದರು. ಅಪ್ಪಣೆಯೆಂದರೆ ಅಪ್ಪಣೆ. ಅಂಥೋನಿಯನ್ನು ಬಿಟ್ಟೆ. ಬಿಟ್ಟ ಕೂಡಲೇ ಚೆಂಡು ಅವನಲ್ಲಿಗೆ ಬಂತು. ಅವನು ನನ್ನ ಬಲಕ್ಕೆ ಬಂದನೋ ಎಡಕ್ಕೆ ಹೋದನೋ ಇಂದಿಗೂ ನನಗೆ ಗೊತ್ತಿಲ್ಲ. ದಸ್ತಗೀರ ಮತ್ತೆ ಬೋರಲು ಬಿದ್ದದ್ದು ಮಾತ್ರ ಗೊತ್ತು.

ಎರಡು ಗೋಲಿನಿಂದ ಸೋತೆವು. ಒಂದು ಅವನ ಹಿಂದೆ ಹೋದದ್ದಕ್ಕೆ, ಒಂದು ಹೋಗದೆ ಇದ್ದದ್ದಕ್ಕೆ.

ಆಟ ಮುಗಿದ ಮೇಲೆ ದೇಶಪಾಂಡೆ ಸಾಹೇಬರು ನನ್ನ ಬಳಿ ಬಂದರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ನನ್ನ ಮುಖವನ್ನೇ ನೋಡಿ, ಬಹಳ ಸಮಾಧಾನದಿಂದ ಕೇಳಿದರು.

“ನೀರು ತಣ್ಣಗ ಇತ್ತೇನಪಾ?”

ಕಾಯಂ ಎಂಬುದು ಅಲ್ಲಿಗೆ ಮುಗಿಯಿತು. ನಾನು ಬೇವಿನ ಮರದ ಕೆಳಗೆ ಹೋಗಿ ಕುಳಿತೆ. ಖೋಲಿ ಬಿಡಲು ಹೇಳಿದರೆ ಪೆಟ್ಟಿಗೆ ಹೊತ್ತು ಕುಲಗೋಡಕ್ಕೆ ಹೋಗಿ ಕುರಿಗಳ ಮುಂದೆ ಯಾವ ಮುಖದಿಂದ ನಿಲ್ಲುವುದು ಎಂದು ಯೋಚಿಸುತ್ತಿದ್ದಾಗ ಹಳದಿ ರುಮಾಲು ಕಾಣಿಸಿತು. ಮಾವ ಬಂದು ಎದುರಿಗೆ ಕುಳಿತರು. ದನಿ ತಗ್ಗಿಸಿ ಕೇಳಿದರು.

“ಅಳಿಯಾರ, ಅಂವಾ ನಿಮ್ಮದೇನರ ಕದ್ದಿದ್ದನೇನು?”

ಇಲ್ಲ ಎಂದೆ. ಮತ್ತೆ ಅಷ್ಟು ಹೊತ್ತು ಅವನ ಬೆನ್ನು ಹತ್ತಿದ್ದು ಯಾಕೆ ಎಂದು ಅವರು ಕೇಳಲಿಲ್ಲ. ನನ್ನ ತಲೆ ಸರಿಯಿದೆಯೋ ಇಲ್ಲವೋ ಎಂಬ ಚಿಂತೆ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ಎದ್ದು ಮಗಳನ್ನು ಕರೆದು, ಹೊತ್ತಾಯಿತು, ಚಕ್ಕಡಿ ಹತ್ತು ಎಂದರು.

ಶಾಂತವ್ವ ಹತ್ತಲಿಲ್ಲ. ಚಕ್ಕಡಿಯಿಂದ ತನ್ನ ಗಂಟನ್ನು ಇಳಿಸಿಕೊಂಡಳು. ಬರುವಾಗಲೇ ತಂದಿದ್ದಳು. ಮಾವ ಬೆರಗಾಗಿ, ಕಾಯಂ ಆಗುವವರೆಗೆ ಕಾಯುವುದು ಎಂದು ಮಾತಾಗಿತ್ತಲ್ಲ ಎಂದರು. ಅವಳು ತಂದೆಯ ಎದುರು ಎಂದೂ ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ.

“ಆಗಿತ್ತಪ್ಪಾ. ಆದ್ರ ಇವತ್ತ ಇವರ ಆಟಾ ನೋಡಿದೆ. ಇವರು ಕಾಯಂ ಆಗೂ ಲಕ್ಷಣ ಕಾಣೂದಿಲ್ಲ. ಅದಕ್ಕ ಕಾಯಕೋತ ಕುಂತ್ರ ನಾ ಅಲ್ಲೇ ಮುದುಕಿ ಆಕ್ಕೇನಿ.”

ಮಾವ ನನ್ನನ್ನು ನೋಡಿದರು, ಮೈದಾನವನ್ನು ನೋಡಿದರು. ಎತ್ತಿನ ಬೆನ್ನು ತಟ್ಟಿ ಚಕ್ಕಡಿ ತಿರುಗಿಸಿದರು.

ಸಾಹೇಬರು ಖೋಲಿಯನ್ನೇನೂ ಕಸಿಯಲಿಲ್ಲ. ಕೆಲವು ತಿಂಗಳು ಟೀಮಿನಿಂದ ಹೊರಗಿಟ್ಟರು. ಇನ್ನೊಬ್ಬ ಬ್ಯಾಕಿನವನ ಕಾಲು ಉಳುಕಿದಾಗ ಮತ್ತೆ ಕರೆದರು. ಆಮೇಲೆ ಮೊಣಕಾಲು ಕೈಕೊಡುವವರೆಗೆ ಆಡಿದೆ, ಒಂದೇ ಒಂದು ಗೋಲು ಹೊಡೆಯಲಿಲ್ಲ, ಹಾರ ಹಾಕಿಸಿಕೊಳ್ಳಲಿಲ್ಲ. ಕಡೆಗೆ ಕಾಯಂ ಆದದ್ದು ನೂಲಿನ ಖಾತೆಯಲ್ಲಿ, ಚೆಂಡಿನ ಸಂಬಂಧವೇ ಇಲ್ಲದೆ. ಆ ಹೊತ್ತಿಗೆ ಮನೆಯಲ್ಲಿ ಇಬ್ಬರು ಮಕ್ಕಳು ಓಡಾಡುತ್ತಿದ್ದರು.

ಆ ಸಂಜೆ ಮಾತ್ರ ಇದ್ಯಾವುದೂ ಗೊತ್ತಿರಲಿಲ್ಲ. ಶಾಂತವ್ವ ಚಾಳಿನ ಕಡೆ ನಡೆದಳು. ನಾನು ಅವಳ ಗಂಟು ಎತ್ತಿಕೊಂಡು, ಅವಳು ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ, ಎರಡು ಹೆಜ್ಜೆ ಹಿಂದೆ ಹೊರಟೆ. ಕಟ್ಟೆಯ ಮೇಲೆ ಕುಳಿತವರು ಮಾತು ನಿಲ್ಲಿಸಿ ನೋಡಿದರು. ಅವಳು ನಿಂತಳು. ನಾನೂ ನಿಂತೆ.

“ಇವತ್ತ ಒಬ್ಬರ ಬೆನ್ನ ಹತ್ತಿದ್ದು ಸಾಕ್ರಿ,” ಎಂದಳು, ತುಟಿ ಅಲುಗದಂತೆ. “ಜನಾ ನಗಾಕತ್ತೈತಿ. ಮುಂದ ನಡೀರಿ.”

ಮುಂದೆ ನಡೆದೆ. ಗಂಡಸಿನಂತೆ ಎದೆ ಉಬ್ಬಿಸಿ, ಹಿಂದೆ ತಿರುಗದೆ, ಬಿರುಸಿನಿಂದ ನಡೆದು, ಬಾಗಿಲು ತಳ್ಳಿದೆ. ಒಳಗೆ ಕುಳಿತಿದ್ದವನು ದಸ್ತಗೀರ. ಗಡಿಬಿಡಿಯಲ್ಲಿ ನನ್ನ ಖೋಲಿ ದಾಟಿ ಅವನ ಖೋಲಿಗೆ ಬಂದಿದ್ದೆ.