ಹೆಂಡತಿಯ ಹೆಸರಿನ ಗ್ರಂಥಮಾಲೆ

ತನ್ನ ಪುಸ್ತಕವನ್ನು ತಾನೇ ಅಚ್ಚು ಹಾಕಿಸಿದವನಿಗೆ ನಾಚಿಕೆಪಡುವ ಸಂದರ್ಭಗಳಿಗೆ ಬರವಿಲ್ಲ. ನಾನು ಹಾಕಿಸಿದ್ದು ಒಂದೇ ಪುಸ್ತಕ. ಆದರೂ ಇಂಥ ಪ್ರಸಂಗಗಳು ಆಗುತ್ತಲೇ ಹೋದವು.

೧. ಟಪಾಲು

ಏಕೀಕರಣವಾಗಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಹೊನ್ನಾವರದಲ್ಲಿ ಹೈಸ್ಕೂಲು ಮಾಸ್ತರ. ಒಂದು ಕಾದಂಬರಿ ಬರೆದು ಧಾರವಾಡದ ಪ್ರಕಾಶಕರೊಬ್ಬರಿಗೆ ಕಳಿಸಿದ್ದೆ. ಕಳಿಸಿದ್ದನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳಿಯೂ ಇದ್ದೆ. "ಅವರು ಒಪ್ಪಿದ ಹಾಗೇ" ಎಂದು ಒಂದು ಮಾತು ಸೇರಿಸಿಯೂ ಇದ್ದೆ.

ಎಂಟು ತಿಂಗಳ ಮೇಲೆ ಪೋಸ್ಟ್‌ಮನ್ನು ಮಾಸ್ತರರ ಕೋಣೆಯ ಬಾಗಿಲಲ್ಲಿ ನಿಂತು, "ಮಾಸ್ತರ್ರೆ, ನಿಮ್ಮ ಕಾದಂಬರಿ ವಾಪಸ್ ಬಂತು!" ಎಂದು ಕೂಗಿದ. ಎಲ್ಲರೂ ತಲೆ ಎತ್ತಿದರು.

"ತಿದ್ದಲಿಕ್ಕೆ ಕಳಿಸಿದ್ದಾರೆ" ಎಂದೆ.

ಗಣಿತದ ಮಾಸ್ತರರು ಒಳಗಿದ್ದ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದಿದರು: "ನೂರನೆಯ ಪುಟದ ನಂತರ ಕಥೆ ಚುರುಕಾಗುತ್ತದೆ."

"ಒಳ್ಳೆಯ ಮಾತೇ ಬರೆದಿದ್ದಾರಲ್ಲ! ಒಟ್ಟು ಎಷ್ಟು ಪುಟ?" ಎಂದು ಕೇಳಿದರು.

ನೂರಾ ಎರಡು.

೨. ಕೊನೆಯ ಪುಟ

ಆ ಅವಮಾನಕ್ಕೇ ನಾನು ಕುಮಟೆಯ ಒಂದು ಪ್ರೆಸ್ಸಿಗೆ ಹೋದೆ. ಅಲ್ಲಿ ಮದುವೆ ಕಾಗದ, ಅಂಗಡಿಗಳ ಬಿಲ್ಲು ಬಿಟ್ಟರೆ ಬೇರೇನೂ ಅಚ್ಚಾಗುತ್ತಿರಲಿಲ್ಲ. ಧಾರವಾಡದವರು ಎಂಟು ತಿಂಗಳು ಓದಿದ್ದನ್ನು ಪ್ರೆಸ್ಸಿನ ಮಾಲಕರು ಎಂಟು ನಿಮಿಷವೂ ನೋಡದೆ ಒಪ್ಪಿಕೊಂಡರು.

"ಪ್ರಕಾಶಕರು ಅಂತ ಯಾರ ಹೆಸರು ಹಾಕಲಿ?" ಎಂದು ಕೇಳಿದರು.

ನನ್ನ ಹೆಸರನ್ನೇ ಹಾಕಿದರೆ ಶಾಲೆಯಲ್ಲಿ ಮುಖ ತೋರಿಸುವುದು ಹೇಗೆ? ಹೆಂಡತಿಯ ಹೆಸರಿಗೆ 'ಗ್ರಂಥಮಾಲೆ' ಎಂದು ಸೇರಿಸಿ, ಶಿರಾಲಿಯ ಮಾವನ ಮನೆಯ ವಿಳಾಸ ಕೊಟ್ಟೆ. ಮಾವನಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಕರಡು ತಿದ್ದುವವನು ನಾನೊಬ್ಬನೇ. ಕೊನೆಯ ಪುಟದ ಕರಡು ಬರುವ ಹೊತ್ತಿಗೆ ಊರಿಗೆ ಹೋಗುವ ಬಸ್ಸು ಬಂತು. "ನಿಮ್ಮ ಮೇಲೆ ಭರವಸೆ ಇದೆ" ಎಂದು ಮಾಲಕರಿಗೆ ಹೇಳಿ ಹತ್ತಿಬಿಟ್ಟೆ.

ನನ್ನ ಕಥಾನಾಯಕಿ ಕೊನೆಯ ಪುಟದಲ್ಲಿ ಸಾಯುತ್ತಾಳೆ. ಅಚ್ಚಾಗಿ ಬಂದ ಪುಸ್ತಕದಲ್ಲಿ ಅವಳು ಪ್ರಾಣ ಬಿಟ್ಟ ಸಾಲಿನ ಕೆಳಗೆ, ಯಾವುದೋ ಮದುವೆ ಕಾಗದಕ್ಕೆ ಜೋಡಿಸಿಟ್ಟ ಅಚ್ಚಿನ ಮೊಳೆಗಳು ಸೇರಿಕೊಂಡು, "ತಮ್ಮ ಆಗಮನಾಭಿಲಾಷಿಗಳು" ಎಂದಿತ್ತು.

ಪ್ರತಿಯೊಂದು ಪ್ರತಿಗೂ ಆ ಸಾಲಿನ ಮೇಲೆ ನಾನೇ ಕೂತು ಬಿಳಿ ಚೀಟಿ ಅಂಟಿಸಿದೆ. ಪುಸ್ತಕ ಪೂರ್ತಿ ಓದಿದವರು ಎಷ್ಟು ಮಂದಿಯೋ ಗೊತ್ತಿಲ್ಲ. ಚೀಟಿ ಕಿತ್ತು ನೋಡದವರಂತೂ ಯಾರೂ ಇರಲಿಲ್ಲ.

೩. ಮಾಲೆ

ಪುಸ್ತಕದಲ್ಲಿ ವಿಳಾಸ ಕಂಡು ಹೆಬಳೆಯ ರೈತರೊಬ್ಬರು ಶಿರಾಲಿಗೆ ಹೋದರಂತೆ. ತಮ್ಮ ತಾಯಿ ಹಾಡುತ್ತಿದ್ದ ಹಾಡುಗಳನ್ನೆಲ್ಲ ಬರೆದುಕೊಂಡಿದ್ದರು. ಆ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಮಾವನ ಅಂಗಳದಲ್ಲಿ ನಿಂತು, ನನ್ನ ಹೆಂಡತಿಯ ಹೆಸರು ಹೇಳಿ, "ಗ್ರಂಥಮಾಲೆ ಇದೇ ಅಲ್ವಾ?" ಎಂದು ಕೇಳಿದರು.

ಮಾವನಿಗೆ ಕಿವಿ ಸ್ವಲ್ಪ ಮಂದ.

"ಅವಳನ್ನು ಹೊನ್ನಾವರಕ್ಕೆ ಕೊಟ್ಟಾತು" ಎಂದರು. "ಮಾಲೆ ಕಟ್ಟಲೆ ಅವಳಿಗೆ ಬತ್ತಿಲ್ಲೆ. ನಿಂಗ ದೇವಸ್ಥಾನದ ಬದಿಗೆ ಕೇಳಿ."

ಮಾವ ಇದನ್ನು ಹೇಳಿ ನಗುವಾಗ ನಾನೂ ನಕ್ಕೆ. ಆದರೆ ಬಿಸಿಲಲ್ಲಿ ನಡೆದು ಬಂದ ಆ ಮನುಷ್ಯ, ತಾಯಿಯ ಹಾಡು ಹೊತ್ತುಕೊಂಡು ದೇವಸ್ಥಾನದ ಹೂವಿನವಳ ಹತ್ತಿರ ನಿಜವಾಗಿಯೂ ವಿಚಾರಿಸಿದರೆಂದು ಮರುವಾರ ತಿಳಿಯಿತು. ಅವಳು ಹಾಡಿನ ಕಟ್ಟಿಗೆ ಅಳತೆ ನೋಡಿ ಒಂದು ಮೊಳ ಮಲ್ಲಿಗೆ ಕೊಟ್ಟಳಂತೆ.

೪. ಹೆಡ್‌ಮಾಸ್ತರರ ಕಾವ್ಯ

ಒಂದು ದಿನ ಹೆಡ್‌ಮಾಸ್ತರರು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಹನ್ನೆರಡು ವರ್ಷದಿಂದ ಗುಟ್ಟಾಗಿ ಒಂದು ಕಾವ್ಯ ಬರೆಯುತ್ತಿದ್ದರಂತೆ.

"ನಿಮ್ಮ ಪ್ರಕಾಶಕರು ಹೇಗೆ? ಹೊಸಬರನ್ನು ಓದ್ತಾರಾ?"

ಆಗಲೇ ನಿಜ ಹೇಳಬೇಕಿತ್ತು. "ಬಹಳ ಓದ್ತಾರೆ ಸರ್" ಎಂದೆ.

ವಾರದಲ್ಲಿ ಕಾವ್ಯದ ಕಟ್ಟು ಶಿರಾಲಿಗೆ ಹೋಗಿ, ಅಲ್ಲಿಂದ ಮಾವನ ಕೈಯಲ್ಲಿ ಬಸ್ಸು ಹತ್ತಿ, ಹೊಳೆ ದಾಟಿ ನಮ್ಮ ಮನೆಗೇ ಬಂತು. ಹೆಂಡತಿಗೆ ಎಲ್ಲ ಹೇಳಲೇಬೇಕಾಯಿತು. ಅವಳು ಕಟ್ಟು ಬಿಚ್ಚಿ ಕಾವ್ಯ ಓದಲು ಕೂತಳು. ನಾನೂ ಓದಿದೆ. ಚೆನ್ನಾಗಿತ್ತು. ನನ್ನ ಕಾದಂಬರಿಗಿಂತ ಬಹಳ ಚೆನ್ನಾಗಿತ್ತು. ಅದನ್ನು ಅಚ್ಚು ಹಾಕುವ ಶಕ್ತಿ ನನಗಿರಲಿಲ್ಲ, ನಿಜ ಹೇಳುವ ಧೈರ್ಯವೂ ಇರಲಿಲ್ಲ. "ತಮ್ಮ ಕಾವ್ಯ ನಮ್ಮ ಮಟ್ಟಕ್ಕೆ ಬಂದಿಲ್ಲ" ಎಂದು ಬರೆಸಿದೆ. ನನ್ನ ಅಕ್ಷರ ಅವರಿಗೆ ಗುರುತಿದ್ದುದರಿಂದ ಹೆಂಡತಿಯ ಕೈಯಿಂದ ಬರೆಸಿದೆ.

ಕಟ್ಟಿನ ಜೊತೆ ಕಾಗದ ತಲುಪಿದ ಮೇಲೆ ಹೆಡ್‌ಮಾಸ್ತರರು ಎರಡು ದಿನ ಯಾರಿಗೂ ಬೈಯಲಿಲ್ಲ. ಅದನ್ನು ನೋಡುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಯಿತು. ಮೂರನೆಯ ದಿನ, "ಸ್ವಂತವಾಗಿಯೇ ಹಾಕಿಸ್ತೇನೆ, ಪ್ರೆಸ್ಸು ತೋರಿಸಿ" ಎಂದರು. ಇಬ್ಬರೂ ಕುಮಟೆಗೆ ಹೋದೆವು.

ಪ್ರೆಸ್ಸಿನ ಮಾಲಕರು ಕಟ್ಟು ತೆಗೆದುಕೊಂಡು, "ಆತು. ಪ್ರಕಾಶಕರು ಯಾರು? ಈ ಮಾಸ್ತರ್ರ ಹಾಗೆ ನೀವೂ ಹೆಂಡತಿ ಹೆಸರೇ ಹಾಕ್ತೀರಾ?" ಎಂದರು.

ಹೆಡ್‌ಮಾಸ್ತರರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಹಾಗಾದರೆ ನನ್ನ ಕಾವ್ಯ ಬೇಡ ಅಂದದ್ದು ನಿಮ್ಮ ಹೆಂಡತಿಯೋ?"

ನಾನು ತಲೆ ತಗ್ಗಿಸಿ, "ಹೌದು ಸರ್" ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಆ ಭಾನುವಾರ ಬೆಳಿಗ್ಗೆ ಕಾವ್ಯ ಹಿಡಿದು ನೇರ ನಮ್ಮ ಮನೆಗೇ ಬಂದರು. ಜಗಲಿಯಲ್ಲಿ ಕೂತು, ಪೆನ್ಸಿಲ್ ತೆಗೆದು, ವಿದ್ಯಾರ್ಥಿಯ ಹಾಗೆ ಕೇಳಿದರು: "ಅಮ್ಮಾ, ನಿಮ್ಮ ಕಾಗದ ಬಂತು. ಎಲ್ಲಿ ಸರಿ ಇಲ್ಲ ಅಂತ ಹೇಳಿದರೆ ತಿದ್ದಿಕೊಳ್ತೇನೆ."

ಹೆಂಡತಿ ಬಾಗಿಲ ಮರೆಯಿಂದ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಹೊರಗೆ ಬಂದು ಹೇಳಿದಳು:

"ಪದ್ಯ ಎಲ್ಲಾ ಚೊಲೋ ಇದ್ದು ಮಾಸ್ತರ್ರೆ. ಕಾಗದ ಬರೆಸಿದವರೇ ಸರಿ ಇಲ್ಲೆ."